ಮುಖಭಂಗ

ನಿಮಗೂ ಹೀಗೆ ಆಗಿರುತ್ತದೆ, ನನಗೆ ಗೊತ್ತು. ಹೊಸ ಛತ್ರಿ ಕೊಂಡ ವರ್ಷ ಅದು ಎಲ್ಲಿ ಕಳೆದುಹೋಗುತ್ತದೋ ಎಂಬ ಭಯಕ್ಕೆ ಮನೆಯಲ್ಲೇ ಬಿಟ್ಟು ತೊಪ್ಪೆಯಾಗಿ ನೆನೆದು ಬಂದಿರುತ್ತೀರಿ. ಹೊಸ ಚಪ್ಪಲಿಯನ್ನು ದೇವಸ್ಥಾನದ ಬಾಗಿಲಲ್ಲಿ ಬಿಟ್ಟು ಒಳಗೆ ಹೋಗಿ ಕಣ್ಣು ಮುಚ್ಚಿದರೆ ದೇವರ ಬದಲು ಚಪ್ಪಲಿಯೇ ಎದುರು ನಿಂತಿರುತ್ತದೆ. ಎಡಗಾಲಿನದನ್ನು ಒಂದು ಕಡೆ, ಬಲಗಾಲಿನದನ್ನು ಇನ್ನೊಂದು ಕಡೆ ಬಿಟ್ಟು, ಕಳ್ಳನಿಗೆ ಟೋಪಿ ಹಾಕಿದೆ ಎಂದು ಬೀಗಿ, ವಾಪಸು ಬಂದಾಗ ಬಲಗಾಲಿನದು ಎಲ್ಲಿ ಎಂದು ಅರ್ಧ ಗಂಟೆ ಹುಡುಕಿದವರಲ್ಲಿ ನೀವೂ ಒಬ್ಬರಾದರೆ ಬನ್ನಿ, ಪಕ್ಕದಲ್ಲಿ ಕೂತುಕೊಳ್ಳಿ. ನಾನು ಅದೇ ವಿದ್ಯೆಯನ್ನು ಕಾರಿಗೆ ಪ್ರಯೋಗಿಸಿದವನು.

ನಾನು ಹೈಸ್ಕೂಲು ಮೇಷ್ಟ್ರು. ಅದರಲ್ಲೂ ಭೂಗೋಳದ ಮೇಷ್ಟ್ರು. ಅಕ್ಷಾಂಶ, ರೇಖಾಂಶ, ಕರ್ಕಾಟಕ ಸಂಕ್ರಾಂತಿ ವೃತ್ತ ಎಂದು ಮೂವತ್ತು ವರ್ಷ ಗ್ಲೋಬು ತಿರುಗಿಸಿದ ಈ ಕೈ ಸ್ಟಿಯರಿಂಗ್ ಹಿಡಿಯಿತೋ, ಹನುಮಂತನಗರದಿಂದ ಮಲ್ಲೇಶ್ವರಕ್ಕೆ ಹೊರಟವರಿಗೆ ಹೆಬ್ಬಾಳದ ದರ್ಶನ ಮಾಡಿಸುತ್ತದೆ. "ಕಿಟಕಿ ಇಳಿಸಿ ಯಾರನ್ನಾದರೂ ಕೇಳ್ರೀ" ಎನ್ನುತ್ತಾಳೆ ನನ್ನಾಕೆ. ಒಮ್ಮೆ ಕೇಳಿದೆ. ಪಾನಿಪೂರಿ ಗಾಡಿಯ ಮುಂದೆ ನಿಂತಿದ್ದ ಯುವಕ ಬಾಯಲ್ಲಿದ್ದ ಪೂರಿಯನ್ನು ಅವಸರದಲ್ಲಿ ನುಂಗಿ, "ನಮಸ್ಕಾರ ಸಾರ್! ನೀವೇ ಅಲ್ವಾ ನಮಗೆ ಮ್ಯಾಪ್ ಓದೋದು ಹೇಳಿಕೊಟ್ಟಿದ್ದು?" ಎಂದ. ಅಂದೇ ತೀರ್ಮಾನಿಸಿದೆ, ಇನ್ನು ದಾರಿ ಕೇಳುವುದಾದರೆ ಯಂತ್ರವನ್ನೇ.

ಆಗ ಫೋನಿನಲ್ಲಿ ದಾರಿ ನೋಡುವ ಕಾಲ ಇನ್ನೂ ನಮ್ಮಂಥವರ ತನಕ ಬಂದಿರಲಿಲ್ಲ. ಅಂಗೈಯಗಲದ ಒಂದು ಪೆಟ್ಟಿಗೆ ಸಿಗುತ್ತಿತ್ತು. ರಬ್ಬರಿನ ಬಟ್ಟಲಿನಿಂದ ಮುಂದಿನ ಗಾಜಿಗೆ ಅಂಟಿಸಿದರೆ ನಕ್ಷೆ ತೋರಿಸಿ ಇಂಗ್ಲಿಷಿನಲ್ಲಿ ದಾರಿ ಹೇಳುತ್ತಿತ್ತು. ಅದನ್ನು ಕೊಳ್ಳುವ ಮುಂಚೆ ನಾನು ಮಾಡಿದ ಅಧ್ಯಯನವನ್ನು ಪರೀಕ್ಷೆಗೆ ಮಾಡಿದ್ದರೆ ಇಷ್ಟು ಹೊತ್ತಿಗೆ ಹೆಡ್‌ಮಾಸ್ಟರಾಗಿರುತ್ತಿದ್ದೆ. 2000ನೇ ಇಸವಿಯ ಮೇ ತಿಂಗಳವರೆಗೆ ಅಮೆರಿಕದವರು ಜನಸಾಮಾನ್ಯರಿಗೆ ಸಿಗುವ ಜಿಪಿಎಸ್ ಸಂಕೇತವನ್ನು ಬೇಕೆಂದೇ ಕೊಂಚ ಕೆಡಿಸಿ ಬಿಡುತ್ತಿದ್ದರು. ನೂರು ಮೀಟರಿನಷ್ಟು ಹೆಚ್ಚುಕಡಿಮೆ ತೋರಿಸುತ್ತಿತ್ತು. ನೂರು ಮೀಟರೆಂದರೆ ನಮ್ಮ ಬಡಾವಣೆಯಲ್ಲಿ ಎರಡು ಕ್ರಾಸು. ಆ ಕಲಬೆರಕೆ ನಿಂತ ಮೇಲೆ 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಗಳಲ್ಲಿ ನಾಲ್ಕು ಕಣ್ಣಿಗೆ ಬಿದ್ದರೆ ಸಾಕು, ನೀವು ಎಲ್ಲಿದ್ದೀರಿ ಎಂಬುದು ಹತ್ತಿಪ್ಪತ್ತು ಮೀಟರಿನೊಳಗೆ ಗೊತ್ತಾಗುತ್ತದೆ. ನೀವು ಎಲ್ಲಿರಬೇಕಾಗಿತ್ತು ಎಂಬುದನ್ನು ಹೇಳಲು ಹೆಂಡತಿ ಇದ್ದೇ ಇರುತ್ತಾಳೆ.

ಪೆಟ್ಟಿಗೆ ಬಂದ ದಿನವೇ ಚಿಂತೆಯೂ ಬಂತು. ನಮ್ಮ ಮನೆಗೆ ಕಾರು ನಿಲ್ಲಿಸುವ ಜಾಗವಿಲ್ಲ, ಬೀದಿಯೇ ಗತಿ. ಪೆಟ್ಟಿಗೆ ಕಿತ್ತು ಒಳಗೆ ತಂದರೂ ರಬ್ಬರ್ ಬಟ್ಟಲು ಗಾಜಿನ ಮೇಲೆ ದುಂಡನೆಯ ಗುರುತು ಬಿಡುತ್ತದೆ. ಅದನ್ನು ನೋಡಿಯೇ 'ಇಲ್ಲಿ ಮಾಲು ಇದೆ' ಎಂದು ಕಳ್ಳ ಊಹಿಸುತ್ತಾನೆ ಎಂದು ಬಲ್ಲವರು ಹೇಳಿದರು. ಸರಿ, ದಿನಾ ಸಂಜೆ ನಿಂಬೆಹಣ್ಣಿನ ಹೋಳು, ಹಳೆಯ ಪೇಪರು ಹಿಡಿದು ಗಾಜು ತಿಕ್ಕತೊಡಗಿದೆ. ತಿಕ್ಕಿ ತಿಕ್ಕಿ ಆ ಭಾಗ ಎಷ್ಟು ಫಳಫಳ ಹೊಳೆಯಿತೆಂದರೆ, ಧೂಳು ಹಿಡಿದ ಉಳಿದ ಗಾಜಿನ ನಡುವೆ ಒಂದು ದುಂಡನೆಯ ಚಂದ್ರ ಮೂಡಿ, ಬೀದಿಯ ತುದಿಗೂ ಕಾಣುವಂತಾಯಿತು.

ಹೀಗಾಗಿ ಕಾರು ಬಿಟ್ಟು ಎಲ್ಲಿಗೆ ಹೋದರೂ ಪೆಟ್ಟಿಗೆಯನ್ನು ಜುಬ್ಬಾದ ಜೇಬಿನಲ್ಲಿ ಇಟ್ಟುಕೊಂಡು ಹೋಗುವ ಅಭ್ಯಾಸ ಮಾಡಿಕೊಂಡೆ. ತಿಪಟೂರಿನ ಹತ್ತಿರ ನೆಂಟರ ಮದುವೆ. ತೆಂಗಿನ ತೋಟದಲ್ಲಿ ಚಪ್ಪರ. ನಾನು ಯಂತ್ರಕ್ಕೆ ಕೊಟ್ಟಿದ್ದ ವಿಳಾಸ ತಿಪಟೂರು ಬಸ್‌ಸ್ಟ್ಯಾಂಡಿನದು. ಹಾಗಾಗಿ ಅದರ ಲೆಕ್ಕದಲ್ಲಿ ನಾನಿನ್ನೂ ದಾರಿ ತಪ್ಪಿದವನು. ಆರಿಸುವುದನ್ನು ಮರೆತು ಜೇಬಿಗೆ ಹಾಕಿಕೊಂಡು ಮಂಟಪದ ಮುಂದಿನ ಸಾಲಿನಲ್ಲೇ ಕೂತೆ. ಸಪ್ತಪದಿ ನಡೆಯುತ್ತಿತ್ತು. ವರ ವಧುವಿನ ಕೈಹಿಡಿದು ಮೂರು ಹೆಜ್ಜೆ ಇಟ್ಟಿದ್ದ. ವಾಲಗದವರು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದ ಆ ಒಂದು ಗಳಿಗೆಯಲ್ಲಿ ನನ್ನ ಜೇಬಿನಿಂದ ಒಬ್ಬ ಹೆಂಗಸು ಸ್ಪಷ್ಟವಾಗಿ ಹೇಳಿದಳು: "ಮೇಕ್ ಎ ಯೂ-ಟರ್ನ್ ವೆನ್ ಪಾಸಿಬಲ್."

ವರನ ನಾಲ್ಕನೆಯ ಹೆಜ್ಜೆ ಗಾಳಿಯಲ್ಲೇ ನಿಂತಿತು. ನಾನು ಗಾಬರಿಯಲ್ಲಿ ಜೇಬಿನ ಮೇಲಿನಿಂದಲೇ ಸಿಕ್ಕ ಗುಂಡಿ ಒತ್ತಿದೆ. ಅದು ಧ್ವನಿ ಹೆಚ್ಚಿಸುವ ಗುಂಡಿ. ಎರಡನೆಯ ಸಲ ಆಕೆ ಹೇಳಿದ್ದು ಅಡುಗೆಯವರಿಗೂ ಕೇಳಿಸಿತು. ಹಗಲಿನಲ್ಲಿ ಅರುಂಧತಿ ನಕ್ಷತ್ರ ಯಾರಿಗೂ ಕಾಣುವುದಿಲ್ಲ, ಪುರೋಹಿತರು ತೋರಿಸಿದ ಕಡೆ ನೋಡಿ 'ಕಂಡಿತು' ಎನ್ನುತ್ತೇವೆ. ಆದರೆ ತೆಂಗಿನ ಗರಿಯ ಚಪ್ಪರದೊಳಗಿಂದಲೂ ನನ್ನ ಪೆಟ್ಟಿಗೆಗೆ ಮಾತ್ರ ಅಷ್ಟೂ ಉಪಗ್ರಹಗಳು ನಿಚ್ಚಳವಾಗಿ ಕಾಣುತ್ತಿದ್ದವು. ಆ ದಂಪತಿ ಈಗ ಎರಡು ಮಕ್ಕಳೊಂದಿಗೆ ಸುಖವಾಗಿದ್ದಾರೆ. ಮನೆಯ ಯಾವುದೇ ಸಮಾರಂಭಕ್ಕೆ ನನ್ನನ್ನು ತಪ್ಪದೆ ಕರೆಯುತ್ತಾರೆ, ಊಟದ ಹೊತ್ತಿಗೆ ಸರಿಯಾಗಿ ಬಂದರೆ ಸಾಕು ಎಂದು ಒತ್ತಿ ಹೇಳುತ್ತಾರೆ.

ಅಂಟಿಸುವ ಯಂತ್ರದ ಸಹವಾಸ ಸಾಕು, ಕಾರಿನೊಳಗೇ ಕೂರಿಸಿಬಿಡೋಣ ಎಂದು 2013ರಲ್ಲಿ ಜೆ.ಸಿ. ರೋಡಿಗೆ ಹೋದೆ. ಬೆಂಗಳೂರಿನಲ್ಲಿ ಕಾರಿಗೆ ಏನು ಹಾಕಿಸಬೇಕಾದರೂ, ಏನು ಕೀಳಿಸಬೇಕಾದರೂ ಜೆ.ಸಿ. ರೋಡೇ. ಒಂದು ತುದಿಗೆ ಟೌನ್‌ಹಾಲು, ಇನ್ನೊಂದು ತುದಿಗೆ ಮಿನರ್ವ ಸರ್ಕಲ್, ನಡುವೆ ರವೀಂದ್ರ ಕಲಾಕ್ಷೇತ್ರ. ಅವತ್ತಿನ ನಾಟಕ ಕಲಾಕ್ಷೇತ್ರದ ಹೊರಗೆ, ಫುಟ್‌ಪಾತಿನ ಪಕ್ಕದಲ್ಲೇ ನಡೆಯಿತು. ಅಂಗಡಿಯ ಹುಡುಗ ನನ್ನ ಡ್ಯಾಶ್‌ಬೋರ್ಡಿನ ಬಾಯಿಗೆ ಎರಡು ಬೆರಳು ಅಡ್ಡ ಹಿಡಿದು, "ಸಿಂಗಲ್ ಡಿನ್ ಸಾರ್" ಎಂದ. ಜರ್ಮನಿಯ ಮಾನಕದ ಅಳತೆ ಅದು: 180 ಮಿಲಿಮೀಟರ್ ಅಗಲ, 50 ಮಿಲಿಮೀಟರ್ ಎತ್ತರ. ಹೆಚ್ಚುಕಮ್ಮಿ ಲೋಕದ ಕಾರುಗಳೆಲ್ಲ ಒಂದು ಕಾಲಕ್ಕೆ ಇದೇ ಅಳತೆಗೆ ಬಾಯಿ ತೆರೆದು ಕೂತಿದ್ದವು. ಇದರಿಂದ ನಮಗೆ ಅನುಕೂಲ, ಯಾವ ಕಂಪನಿಯ ಪೆಟ್ಟಿಗೆಯಾದರೂ ಕೂರುತ್ತದೆ. ನಮಗಿಂತ ಹೆಚ್ಚು ಅನುಕೂಲ ಕಳ್ಳನಿಗೆ. ನಿಮ್ಮ ಕಾರಿನಲ್ಲಿ ಕಿತ್ತದ್ದು ಇನ್ನೊಬ್ಬರ ಕಾರಿಗೆ ಎರಡು ನಿಮಿಷದಲ್ಲಿ ಕೂರುತ್ತದೆ.

ಹುಡುಗ ತೋರಿಸಿದ ಮಾಲು ಅದ್ಭುತವಾಗಿತ್ತು. ಗುಂಡಿ ಒತ್ತಿದರೆ ಹಾವಾಡಿಗನ ಬುಟ್ಟಿಯಿಂದ ನಾಗರ ಎದ್ದ ಹಾಗೆ ಪರದೆ ಝುಯ್ ಎಂದು ಹೊರಗೆ ಬಂದು ಹೆಡೆ ಎತ್ತಿ ನಿಲ್ಲುತ್ತಿತ್ತು. ನನ್ನ ಕಾರಿನಲ್ಲಿ ಅದು ನಿಂತ ಜಾಗ ಸರಿಯಾಗಿ ಎ.ಸಿ. ಗಾಳಿ ಬರುವ ಕಿಂಡಿಯ ಮುಂದೆ. ದಾರಿ ಬೇಕಾದರೆ ಸೆಕೆ, ತಂಪು ಬೇಕಾದರೆ ಅಜ್ಞಾನ. 22,000 ರೂಪಾಯಿ ಎಣಿಸಿಕೊಟ್ಟೆ. "ನಮ್ಮ ಕಾರನ್ನ ಈಗ ಮಾರಿದರೆ ಎಷ್ಟು ಬರತ್ತೆ?" ಎಂದು ಕೇಳಿದಳು ಹೆಂಡತಿ. ನಾನು ಕಿಟಕಿಯಾಚೆ ನೋಡಿದೆ. ಬೇರೆ ಉತ್ತರ ಇರಲಿಲ್ಲ.

"ಗಾಜಿಗೆ ಕಪ್ಪು ಫಿಲಂ ಅಂಟಿಸಿಬಿಡಪ್ಪ, ಒಳಗೆ ಏನಿದೆ ಅಂತ ಕಾಣಬಾರದು" ಎಂದೆ ಹುಡುಗನಿಗೆ. "ಸಾರ್, ಸುಪ್ರೀಂ ಕೋರ್ಟು ಹೋದ ವರ್ಷ ಏಪ್ರಿಲ್‌ನಲ್ಲೇ ಫಿಲಂ ಬೇಡ ಅಂದಿದೆ. ಕಳ್ಳ ಬರೋಕೆ ಮುಂಚೆ ಟ್ರಾಫಿಕ್ ಪೊಲೀಸ್ರು ಬರ್ತಾರೆ" ಎಂದ. ಸಮಾಜ ವಿಜ್ಞಾನದ ಮೇಷ್ಟ್ರಿಗೆ ಸುಪ್ರೀಂ ಕೋರ್ಟಿನ ತೀರ್ಪನ್ನು ಜೆ.ಸಿ. ರೋಡಿನ ಹುಡುಗ ಪಾಠ ಮಾಡಿದ. ಪಾಪ, ಮನಸ್ಸಿಗೆ ಬೇಜಾರಾಗದಿರಲಿ ಎಂದು ಒಂದು ಉಪಾಯವನ್ನೂ ಹೇಳಿಕೊಟ್ಟ. ಪೆಟ್ಟಿಗೆಯ ಮುಂದೆ ಗುಂಡಿಗಳಿರುವ ಒಂದು ಪಟ್ಟಿ. ಒತ್ತಿದರೆ ಕಳಚಿ ಕೈಗೆ ಬರುತ್ತದೆ. ಅದಿಲ್ಲದೆ ಪರದೆ ಹೊರಗೆ ಬರುವುದಿಲ್ಲ, ಹಾಡು ಬರುವುದಿಲ್ಲ, ಏನೂ ಇಲ್ಲ. "ಇದರ ಮುಖ ಕಿತ್ತು ಜೇಬಲ್ಲಿಟ್ಕೊಂಡ್ ಹೋಗಿ ಸಾರ್. ಮುಖ ಇಲ್ದೇ ಇರೋದನ್ನ ಯಾವ ಕಳ್ಳಾನೂ ಮುಟ್ಟಲ್ಲ."

ಮುಖ ಇಡಲು ಒಂದು ಕಪ್ಪು ಡಬ್ಬಿಯನ್ನೂ ಕೊಟ್ಟ. ಗಟ್ಟಿ ಮುಚ್ಚಳ, ಒಳಗೆ ಮೆತ್ತನೆಯ ಬಟ್ಟೆ, ಟಪ್ ಎಂದು ಮುಚ್ಚಿಕೊಳ್ಳುತ್ತದೆ. ನನ್ನ ಓದುವ ಕನ್ನಡಕದ ಡಬ್ಬಿಯೂ ಕಪ್ಪು. ಗಟ್ಟಿ ಮುಚ್ಚಳ, ಒಳಗೆ ಮೆತ್ತನೆಯ ಬಟ್ಟೆ, ಟಪ್. ನೀವು ಆಗಲೇ ನಗುತ್ತಿದ್ದೀರಿ. ನಗಿ.

ಮೊದಲನೆಯ ವಾರ ಶಾಲೆಯಲ್ಲಿ ಹಾಜರಿ ಪುಸ್ತಕ ತೆರೆದು, ಗಂಭೀರವಾಗಿ ಡಬ್ಬಿ ಬಿಚ್ಚಿ, ಕಾರಿನ ಮುಖವನ್ನು ನನ್ನ ಮುಖಕ್ಕೆ ಏರಿಸಿಕೊಂಡೆ. ನಲವತ್ತೈದು ಮಕ್ಕಳು ಉಸಿರು ಬಿಗಿಹಿಡಿದು ನೋಡಿದರು. ಅವತ್ತು ಹಾಜರಿಯನ್ನು ಬಾಯಿಲೆಕ್ಕದಲ್ಲಿ ಮುಗಿಸಿದೆ.

ಇದು ಏನೂ ಅಲ್ಲ. ಮಾಗಡಿ ಕಡೆಯ ಹಳ್ಳಿಯೊಂದರಲ್ಲಿ ಸಹೋದ್ಯೋಗಿಯ ಗೃಹಪ್ರವೇಶ. ಮೈಸೂರು ರಸ್ತೆ ಬಿಟ್ಟು ಒಳಗೆ ತಿರುಗಿದವನಿಗೆ ರಸ್ತೆ ಎರಡಾಗಿ ಕವಲೊಡೆದದ್ದು ಕಂಡಿತು. ಬದಿಗೆ ನಿಲ್ಲಿಸಿ, ಕೈ ಉಜ್ಜಿಕೊಂಡು, ಯಂತ್ರಕ್ಕೆ ಮುಖ ಹಚ್ಚೋಣ ಎಂದು ಡಬ್ಬಿ ತೆರೆದೆ. ಒಳಗೆ ಕನ್ನಡಕ. ಮುಖ ಮನೆಯಲ್ಲಿ, ಹಾಸಿಗೆಯ ಪಕ್ಕ, ದಿನಪತ್ರಿಕೆಯ ಮೇಲೆ. ಇದ್ದದ್ದನ್ನಾದರೂ ಬಳಸೋಣ ಎಂದು ಕನ್ನಡಕ ಹಾಕಿಕೊಂಡು ನೋಡಿದೆ. ಓದುವ ಕನ್ನಡಕ, ಪ್ಲಸ್ ಎರಡೂವರೆ. ದೂರದ ರಸ್ತೆ ಎರಡಿದ್ದದ್ದು ನಾಲ್ಕಾಯಿತು. ಕೈಯಲ್ಲಿದ್ದ ಆಹ್ವಾನ ಪತ್ರಿಕೆ ಮಾತ್ರ ಬಹಳ ಸ್ಫುಟವಾಗಿ ಕಂಡಿತು: ಊಟ 12.30ಕ್ಕೆ. ಆಗ ಗಂಟೆ ಎರಡು.

ನಾಲ್ಕರಲ್ಲಿ ಒಂದನ್ನು ಹಿಡಿದು ಹೋದೆ. ರಾಗಿ ಹೊಲಗಳ ಆಚೆ ಇದ್ದಕ್ಕಿದ್ದಂತೆ ಆಕಾಶಕ್ಕೆ ಮುಖ ಮಾಡಿದ ಬೃಹದಾಕಾರದ ಬಿಳಿ ತಟ್ಟೆಯೊಂದು ಎದ್ದು ನಿಂತಿತ್ತು. ಬ್ಯಾಲಾಳು! ಇಸ್ರೋದ ದೂರ ಬಾಹ್ಯಾಕಾಶ ಸಂಪರ್ಕ ಕೇಂದ್ರ. 32 ಮೀಟರ್ ವ್ಯಾಸದ ಆಂಟೆನಾ. 2008ರಲ್ಲಿ ಚಂದ್ರಯಾನ-1 ಹೊರಟಾಗ 3.84 ಲಕ್ಷ ಕಿಲೋಮೀಟರ್ ಆಚೆಯ ಚಂದ್ರನ ಬಳಿ ಅದು ಎಲ್ಲಿದೆ, ಏನು ಹೇಳುತ್ತಿದೆ ಎಂದು ಕೇಳಿಸಿಕೊಂಡದ್ದು ಇದೇ ತಟ್ಟೆ. ನಮ್ಮ ದೇಶದ್ದೇ ಆದ ದಾರಿತೋರುವ ಉಪಗ್ರಹಗಳ ನಾವಿಕ್ ವ್ಯವಸ್ಥೆಗೂ ಕೇಂದ್ರ ತೆರೆದದ್ದು ಇದೇ ಬ್ಯಾಲಾಳಿನಲ್ಲೇ, ನಾನು ಯಂತ್ರ ಹಾಕಿಸಿದ ಅದೇ 2013ರಲ್ಲಿ. ಅಂದರೆ ಇಡೀ ದೇಶಕ್ಕೆ ದಾರಿ ಹೇಳಲು ಕಟ್ಟಿದ ಜಾಗದ ಬೇಲಿಯ ಪಕ್ಕದಲ್ಲಿ, ಭೂಗೋಳದ ಮೇಷ್ಟ್ರೊಬ್ಬ, ಯಂತ್ರದ ಮೈ ಇಟ್ಟುಕೊಂಡು ಮುಖ ಇಲ್ಲದೆ, ಮಾಗಡಿ ಯಾವ ಕಡೆ ಎಂದು ತಿಳಿಯದೆ ನಿಂತಿದ್ದ.

ಮೇಕೆ ಕಾಯುತ್ತಿದ್ದ ಅಜ್ಜಿಯೊಬ್ಬರು ಹತ್ತಿರ ಬಂದರು. "ಯಾರ ಮನೆಗಪ್ಪಾ? ಗುರುಪ್ರವೇಸಕ್ಕಾ? ಸೀದಾ ಓಗು, ಅಳ್ಳಿಕಟ್ಟೆ ಸಿಕ್ತದೆ, ಎಡಕ್ ತಿರುಗು, ಸಾಮಿಯಾನ ಕಾಣ್ತದೆ. ಬಿರ್ರನೆ ಓಗು, ಪಾಯ್ಸ ಮುಗಿದಿರ್ತದೆ" ಎಂದರು. ಒಂದಕ್ಷರ ತಪ್ಪಿರಲಿಲ್ಲ. ಪಾಯಸವೂ ಮುಗಿದಿತ್ತು.

ಇಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ಹೆದರಿದವನ ಬುದ್ಧಿ ದಿನಕ್ಕೊಂದು ಉಪಾಯ ಹಡೆಯುತ್ತದೆ. ಯಂತ್ರದ ಜಿಪಿಎಸ್ ಆಂಟೆನಾ ಎಂದು ಒಂದು ಕರಿ ಬಿಲ್ಲೆ ಡ್ಯಾಶ್‌ಬೋರ್ಡಿನ ಮೇಲೆ ಕೂತಿರುತ್ತದೆ. ಮುಖ ಬಚ್ಚಿಟ್ಟರೇನು, ಈ ಬಿಲ್ಲೆ ಗುಟ್ಟು ಬಿಟ್ಟುಕೊಡುವುದಿಲ್ಲವೆ? ಅದರ ಮೇಲೆ ಹಿತ್ತಾಳೆಯ ಪುಟ್ಟ ಮಂಟಪ ಕವುಚಿ, ಒಳಗೆ ಗಣಪನನ್ನು ಕೂರಿಸಿದೆ. ಲೋಹ ಮುಚ್ಚಿದರೆ ಉಪಗ್ರಹದ ಸಂಕೇತ ಒಳಗೆ ಬರುವುದಿಲ್ಲ ಎಂದು ನನಗೆ ಹೊಳೆಯಲು ಹದಿನೈದು ದಿನ ಬೇಕಾಯಿತು. ಅಲ್ಲಿಯತನಕ ಪರದೆಯಲ್ಲಿ 'ಹುಡುಕುತ್ತಿದೆ' ಎಂದೇ ಇತ್ತು. ವಿಘ್ನೇಶ್ವರನಿಗೆ ಕೈಮುಗಿದು ಹೊರಡುವುದು, ನಾನೇ ತಂದಿಟ್ಟ ವಿಘ್ನಕ್ಕೆ ಅವನನ್ನು ದೂರುವುದು, ಹೀಗೇ ನಡೆದಿತ್ತು.

ಮುಂದಿನ ಉಪಾಯ ನ್ಯೂಯಾರ್ಕಿನದು. 1980ರ ದಶಕದಲ್ಲಿ ಅಲ್ಲಿ ಕಾರಿನ ರೇಡಿಯೋ ಕದಿಯುವವರ ಕಾಟಕ್ಕೆ ಜನ ಕಿಟಕಿಗೆ 'ನೋ ರೇಡಿಯೋ' ಎಂದು ಬೋರ್ಡು ತಗುಲಿಸುತ್ತಿದ್ದರಂತೆ. ಗಾಜು ಒಡೆಯುವ ಶ್ರಮ ಬೇಡ ಮಾರಾಯ ಎಂಬ ಬಿನ್ನಹ. ನಾನೂ ಡ್ರಾಯಿಂಗ್ ಶೀಟಿನ ಮೇಲೆ ದಪ್ಪಕ್ಷರದಲ್ಲಿ 'ಈ ಕಾರಿನಲ್ಲಿ ಜಿಪಿಎಸ್ ಇಲ್ಲ' ಎಂದು ಬರೆದು ಅಂಟಿಸಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಕುಂಬಳಕಾಯಿಯ ಯಜಮಾನನಾಗಿಯೂ ಅದನ್ನೇ ಮಾಡಿದ್ದೆ. ಆ ಬೀದಿಯ ಮೂವತ್ತು ಕಾರುಗಳಲ್ಲಿ ಜಿಪಿಎಸ್ ಇಲ್ಲವೆಂದು ಹೇಳಿಕೊಳ್ಳುವ ಅಗತ್ಯ ಬಿದ್ದದ್ದು ಇದೊಂದಕ್ಕೇ. ಮಾರನೆಯ ಬೆಳಿಗ್ಗೆ ಗಾಜಿನ ಧೂಳಿನ ಮೇಲೆ, ನನ್ನ ಬೋರ್ಡಿನ ಕೆಳಗೆ, ಯಾರೋ ಬೆರಳಿನಲ್ಲಿ 'ಹೌದಾ?' ಎಂದು ಬರೆದಿದ್ದರು.

ಆ 'ಹೌದಾ' ನನ್ನ ನಿದ್ದೆ ಕೆಡಿಸಿತು. ಮುಖ ಕೀಳುವುದೊಂದೇ ಸಾಲದು, ಯಂತ್ರಕ್ಕೆ ನಾಲ್ಕಂಕಿಯ ಗುಪ್ತ ಸಂಖ್ಯೆಯನ್ನೂ ಹಾಕೋಣ ಎಂದು ಪುಸ್ತಕ ಓದಿದೆ. ಬ್ಯಾಟರಿಯ ಸಂಪರ್ಕ ತಪ್ಪಿದರೆ ಯಂತ್ರ ಸಂಖ್ಯೆ ಕೇಳುತ್ತದೆ. ಹೇಳದಿದ್ದರೆ ಬಾಯಿ ಬಿಡುವುದಿಲ್ಲ. ನಾನು ಭೂಗೋಳದವನಲ್ಲವೆ, ಬೆಂಗಳೂರಿನ ಅಕ್ಷಾಂಶ-ರೇಖಾಂಶವನ್ನೇ ಹಾಕಿದೆ. ಆಮೇಲೆ ಅನುಮಾನ ಬಂತು, ಕಳ್ಳ ಅಕಸ್ಮಾತ್ ನನ್ನ ವಿದ್ಯಾರ್ಥಿಯೇ ಆಗಿದ್ದರೆ? ಬೇರೆ ಊರಿನದಕ್ಕೆ ಬದಲಾಯಿಸಿದೆ. ಎರಡು ತಿಂಗಳಾದ ಮೇಲೆ ಹಳೆಯ ಬ್ಯಾಟರಿ ಸತ್ತು ಹೊಸದು ಹಾಕಿಸಿದೆ. ಯಂತ್ರ ಸಂಖ್ಯೆ ಕೇಳಿತು. ಯಾವ ಊರು?

ಅಂದು ಕಾರು ನಿಂತಲ್ಲೇ ನಿಂತಿತ್ತು, ನಾನು ಕರ್ನಾಟಕ ಸುತ್ತಿದೆ. ಧಾರವಾಡ 1575. ಅಲ್ಲ. ಕಲಬುರಗಿ 1776. ಅಲ್ಲ. ಮೈಸೂರು 1276, ಅಥವಾ ರೇಖಾಂಶ 76.6 ಇರುವುದರಿಂದ ಹತ್ತಿರದ ಪೂರ್ಣಾಂಕಕ್ಕೆ ಏರಿಸಿ 1277? ಅಲ್ಲ. ಬದಲಾಯಿಸಿದ್ದೇ ಸುಳ್ಳೇನೋ, ಬೆಂಗಳೂರೇ ಇರಬಹುದೆಂದರೆ, ಬೆಂಗಳೂರು 12.97. ಅದನ್ನು 12 ಎಂದು ಹಾಕಿದ್ದೆನೋ, 13 ಎಂದೋ? ತಪ್ಪು ಒತ್ತಿದಷ್ಟೂ ಮುಂದಿನ ಅವಕಾಶಕ್ಕೆ ಕಾಯುವ ಹೊತ್ತು ಹೆಚ್ಚುತ್ತಿತ್ತು. ಬೀದರ್ ತಲುಪುವಷ್ಟರಲ್ಲಿ ಕತ್ತಲಾಗಿತ್ತು. ನಿಜವಾಗಿ ಡ್ರೈವ್ ಮಾಡಿಕೊಂಡು ಹೋಗಿದ್ದರೂ ಅಷ್ಟರಲ್ಲಿ ಬೀದರ್ ಸಿಗುತ್ತಿತ್ತು.

ಜೆ.ಸಿ. ರೋಡಿನ ಹುಡುಗನಿಗೆ ಫೋನು ಮಾಡಿದೆ. "ಸಾರ್, ಸೊನ್ನೆ ಸೊನ್ನೆ ಸೊನ್ನೆ ಸೊನ್ನೆ ಒತ್ತಿ" ಎಂದ. ತೆರೆಯಿತು. ಎರಡು ಸಲವೂ ಸಂಖ್ಯೆ ಬದಲಾಯಿಸಿದ ಮೇಲೆ 'ಸೇವ್' ಒತ್ತುವುದನ್ನು ನಾನು ಮರೆತಿದ್ದೆ. ಸೊನ್ನೆ ಅಕ್ಷಾಂಶ, ಸೊನ್ನೆ ರೇಖಾಂಶ ಎಲ್ಲಿದೆ ಎಂದು ಭೂಗೋಳದ ಯಾವ ಮೇಷ್ಟ್ರಿಗೂ ಗೊತ್ತು. ಆಫ್ರಿಕಾದ ಪಶ್ಚಿಮಕ್ಕೆ, ಗಿನಿ ಕೊಲ್ಲಿಯ ನಡುನೀರಿನಲ್ಲಿ. ನನ್ನ 22,000 ರೂಪಾಯಿ ಎರಡು ತಿಂಗಳು ಅಲ್ಲಿ ತೇಲುತ್ತಿತ್ತು.

ಕೊನೆಯ ಅಸ್ತ್ರ ಅಲಾರಂ. ಗಾಜಿಗೆ ಏಟು ಬಿದ್ದರೆ, ಕಾರು ಅಲುಗಿದರೆ ಕೂಗುತ್ತದೆ. ಮೊದಲ ರಾತ್ರಿ ಬಾನೆಟ್ಟಿನ ಮೇಲೆ ಬೆಕ್ಕು ಮಲಗಿತು, ಕೂಗಿತು. ಎರಡನೆಯ ರಾತ್ರಿ ತೆಂಗಿನ ಗರಿ ಬಿತ್ತು, ಕೂಗಿತು. ಬೀದಿಯವರೆಲ್ಲ ಬಾಗಿಲಿಗೆ ಬಂದು, ನನ್ನನ್ನು ನೋಡಿ, ಏನೂ ಅನ್ನದೆ ಒಳಗೆ ಹೋದರು. ಬೈದಿದ್ದರೆ ಚೆನ್ನಾಗಿತ್ತು. ಮೂರನೆಯ ರಾತ್ರಿ ಎರಡೂವರೆಗೆ ದೂರದಲ್ಲಿ ಒಂದು ಬುಲೆಟ್ ಬೈಕು ಹೋದದ್ದಕ್ಕೇ ಕೂಗತೊಡಗಿದಾಗ, ಡ್ಯಾಶ್‌ಬೋರ್ಡಿನ ಅಡಿಯಲ್ಲಿ ಸೂಕ್ಷ್ಮತೆ ಕಡಿಮೆ ಮಾಡುವ ತಿರುಪು ಇದೆಯೆಂದು ನೆನಪಾಗಿ, ಲುಂಗಿ-ಬನಿಯನ್ನಿನಲ್ಲೇ ಓಡಿದೆ. ಬಾಯಲ್ಲಿ ಟಾರ್ಚು, ಕೈಯಲ್ಲಿ ಸ್ಕ್ರೂಡ್ರೈವರು, ತಲೆ ಸ್ಟಿಯರಿಂಗಿನ ಕೆಳಗೆ, ಕಾಲು ಬೀದಿಯಲ್ಲಿ.

"ಏಯ್, ಯಾರೋ ಅದು? ಬಾರೋ ಆಚೆ!"

ಬೀಟ್ ಪೊಲೀಸರು. ಆಚೆ ಬಂದೆ. ನರೆತ ತಲೆ ನೋಡಿ ಅವರು ಮರ್ಯಾದೆ ಕೊಟ್ಟರು. "ಏನ್ರೀ ಇದು, ಈ ವಯಸ್ನಲ್ಲಿ?"

"ನನ್ನದೇ ಕಾರು ಸಾರ್."

"ಆರ್‌ಸಿ ತೋರ್ಸಿ."

ಕಳ್ಳರ ಭಯಕ್ಕೆ ಆರ್‌ಸಿಯನ್ನೂ ಮನೆಯಲ್ಲಿಟ್ಟಿದ್ದೆ. ಮನೆ ಇದೇ ಎಂದು ತೋರಿಸಿದೆ. ಬಾಗಿಲು ನನ್ನ ಹಿಂದೆಯೇ ಲಾಕ್ ಆಗಿತ್ತು. ಬೆಲ್ ಒತ್ತಿದೆ. ಎರಡು ರಾತ್ರಿಯ ಅಲಾರಮ್ಮಿನಿಂದ ಬೇಸತ್ತ ನನ್ನಾಕೆ ಕಿವಿಗೆ ಹತ್ತಿ ಇಟ್ಟುಕೊಂಡು ಮಲಗಿದ್ದಳು. ಅಷ್ಟರಲ್ಲಿ ಬಾಗಿ ಎದ್ದ ರಭಸಕ್ಕೆ ಲುಂಗಿಯ ಮಡಿಕೆಯಲ್ಲಿ ಸಿಕ್ಕಿಸಿಕೊಂಡಿದ್ದ ಡಬ್ಬಿ ಜಾರಿ ಬಿದ್ದು ಟಪ್ ಎಂದು ತೆರೆದುಕೊಂಡಿತು. ಪೊಲೀಸರು ಟಾರ್ಚು ಬಿಟ್ಟರು. ಕನ್ನಡಕ ಇರಲಿ ದೇವರೇ ಎಂದು ಬೇಡಿಕೊಂಡೆ. ಇದ್ದದ್ದು ಮುಖ.

"ಸಾರ್, ನಂಬಿ. ಆ ಪೆಟ್ಟಿಗೆಯ ಬೆನ್ನ ಮೇಲೆ ಸೂಜಿಯಲ್ಲಿ ನನ್ನ ಹೆಸರು ಕೆತ್ತಿದ್ದೇನೆ. ತೆಗೆದು ತೋರಿಸುತ್ತೇನೆ." ಪೆಟ್ಟಿಗೆ ಹೊರಗೆ ಎಳೆಯಲು ಎರಡು ಚಪ್ಪಟೆ ಕೀಲಿಗಳಿರುತ್ತವೆ. ಎರಡೂ ಬದಿಯ ಸಂದಿಗೆ ತೂರಿಸಿದರೆ ಕೊಂಡಿ ಬಿಡುತ್ತದೆ. ಅವು ಕಳ್ಳನ ಕೈಗೆ ಸಿಗಬಾರದೆಂದು ನಾನು ಉಡಿದಾರಕ್ಕೆ ಕಟ್ಟಿಕೊಂಡಿದ್ದೆ. ಬಿಚ್ಚಿದೆ, ತೂರಿಸಿದೆ, ಎಳೆದೆ. ಒಂದೇ ನಿಮಿಷದಲ್ಲಿ ಪೆಟ್ಟಿಗೆ ಕೈಯಲ್ಲಿತ್ತು. ಪೊಲೀಸರು ಮೆಚ್ಚುಗೆಯಿಂದಲೇ ನೋಡಿದರು. "ಕೈ ಚೆನ್ನಾಗಿ ಪಳಗಿದೆ" ಎಂದರು.

ಹೆಸರೇನೋ ಇತ್ತು. ಆದರೆ ಕೆತ್ತಿದ್ದು ಕನ್ನಡಕವಿಲ್ಲದ ದಿನ. ಅದು ಯಾರ ಹೆಸರು ಬೇಕಾದರೂ ಆಗಬಹುದಿತ್ತು, ಯಾವ ಭಾಷೆಯದು ಬೇಕಾದರೂ ಆಗಬಹುದಿತ್ತು.

ನನ್ನನ್ನು ಉಳಿಸಿದ್ದು ಎದುರು ಮನೆಯ ಮಹಡಿಯ ಅಜ್ಜಿ. ಬಾಲ್ಕನಿಯಿಂದ ಬಗ್ಗಿ, ಇಡೀ ಬೀದಿಗೆ ಕೇಳುವಂತೆ ಹೇಳಿದರು: "ಬಿಡಪ್ಪಾ, ಅವರು ನಮ್ಮ ಮೇಷ್ಟ್ರು. ದಿನಾ ರಾತ್ರಿ ಕಾರಿಂದ ಏನೋ ಕಿತ್ಕೊಂಡ್ ಹೋಗ್ತಾರೆ, ಬೆಳಿಗ್ಗೆ ತಂದು ಹಾಕ್ತಾರೆ. ಪಾಪ, ಯಾರಿಗೂ ಗೊತ್ತಾಗಬಾರದು ಅಂತ ಆ ಕಡೆ ಈ ಕಡೆ ನೋಡ್ಕೊಂಡೇ ಮಾಡ್ತಾರೆ. ನಾವೂ ನೋಡ್ದೇ ಇರೋರ ಹಾಗೆ ಇರ್ತೀವಿ." ಸುತ್ತಲಿನ ಬಾಲ್ಕನಿಗಳಲ್ಲಿ ನಿಂತವರೆಲ್ಲ ಹೌದು ಹೌದೆಂದು ತಲೆಯಾಡಿಸಿದರು. ನಾನು ಏಳು ತಿಂಗಳು ಕಾಪಾಡಿಕೊಂಡು ಬಂದ ಗುಟ್ಟು ಪೇಪರ್ ಹಾಕುವ ಹುಡುಗನಿಗೂ ಗೊತ್ತಿತ್ತಂತೆ.

ಬೆಳಿಗ್ಗೆ ಹೆಂಡತಿ ಹತ್ತಿ ತೆಗೆದು ಎಲ್ಲವನ್ನೂ ಕೇಳಿಸಿಕೊಂಡು, "ಇನ್ನು ಆ ಮುಖ ನನ್ನ ಕಣ್ಣಿಗೆ ಬೀಳಬಾರದು" ಎಂದಳು. ಯಾವ ಮುಖ ಎಂದು ಕೇಳುವ ಧೈರ್ಯವಾಗಲಿಲ್ಲ. ಯಂತ್ರದ್ದೇ ಇರಬೇಕೆಂದು ಭಾವಿಸಿ, ಅದನ್ನು ಯಾರಿಗೂ ಹೊಳೆಯದ ಒಂದು ಜಾಗದಲ್ಲಿ ಬಚ್ಚಿಟ್ಟೆ.

ಹತ್ತು ದಿನ ಕಳೆದು ಕಳ್ಳ ಬಂದ. ಹೌದು, ನಿಜವಾದ ಕಳ್ಳ. ಅಲಾರಂ ಕೂಗಲಿಲ್ಲ, ಏಕೆಂದರೆ ಪೊಲೀಸರು ಬಂದ ರಾತ್ರಿಯೇ ತಿರುಪನ್ನು ನಾನು ಪೂರ್ತಿ ತಿರುಗಿಸಿಬಿಟ್ಟಿದ್ದೆ. ಹಿಂದಿನ ಪುಟ್ಟ ಗಾಜು ಒಡೆದು, ಬಾಗಿಲು ತೆಗೆದು, ಒಳಗೆಲ್ಲ ನೋಡಿದ್ದಾನೆ. ಮುಖವಿಲ್ಲದ ಯಂತ್ರವನ್ನು ಮುಟ್ಟಿಲ್ಲ. ಗ್ಲೋವ್ ಬಾಕ್ಸಿನಲ್ಲಿದ್ದ ಕಪ್ಪು ಡಬ್ಬಿಯನ್ನು ಮಾತ್ರ, ಮುಖ ಅದರಲ್ಲೇ ಇರುತ್ತದೆಂದು ತಿಳಿದ ಕಸುಬುದಾರನಾದ್ದರಿಂದ, ಎತ್ತಿಕೊಂಡು ಹೋಗಿದ್ದಾನೆ. ಒಳಗಿದ್ದದ್ದು ನನ್ನ ಕನ್ನಡಕ.

"ಗೆದ್ದೆವು ಕಣೇ!" ಎಂದು ಕೂಗುತ್ತಾ ಒಳಗೆ ಓಡಿದೆ. ಗಾಜಿಗೂ ಹೊಸ ಕನ್ನಡಕಕ್ಕೂ ಎಷ್ಟಾಯಿತೆಂದು ಆಕೆ ಚೀಟಿಯ ಹಿಂದೆ ಲೆಕ್ಕ ಹಾಕುತ್ತಿದ್ದಳು. ವಿಮೆಯವರನ್ನು ಕೇಳಿದೆ. ಹೊರಗಿನಿಂದ ಹಾಕಿಸಿದ ಇಂಥ ಯಂತ್ರಕ್ಕೆ ಅದರ ಬೆಲೆಯ ಶೇ 4ರಷ್ಟು ಹೆಚ್ಚುವರಿ ಪ್ರೀಮಿಯಂ ಕಟ್ಟಿದ್ದರೆ ಕಳವಾದಾಗ ದುಡ್ಡು ಬರುತ್ತಿತ್ತಂತೆ. 22,000ಕ್ಕೆ ವರ್ಷಕ್ಕೆ 880 ರೂಪಾಯಿ. ನಿಂಬೆಹಣ್ಣಿಗೇ ಅದಕ್ಕಿಂತ ಹೆಚ್ಚು ಖರ್ಚು ಮಾಡಿದ್ದೆ. ಕನ್ನಡಕಕ್ಕೆ ಯಾವ ಪಾಲಿಸಿಯೂ ಇಲ್ಲ.

ಇನ್ನು ಮುಖ. ಯಾರಿಗೂ ಹೊಳೆಯದ ಜಾಗದಲ್ಲಿ ಇಟ್ಟಿದ್ದೆನಲ್ಲ, ಆ 'ಯಾರಿಗೂ' ಎಂಬುದರಲ್ಲಿ ನಾನೂ ಸೇರಿದ್ದೆ ಎಂದು ಗೊತ್ತಾದದ್ದು ಹುಡುಕಲು ಕೂತಾಗ. ಅಟ್ಟ, ಬೀರು, ದೇವರ ಗೂಡು, ಹಳೆಯ ಉತ್ತರ ಪತ್ರಿಕೆಗಳ ಕಟ್ಟು, ಎಲ್ಲೂ ಇಲ್ಲ. ಈಗ ಕಾರಿನಲ್ಲಿ ನನ್ನಾಕೆ ಫೋನು ಹಿಡಿದು ಪಕ್ಕದಲ್ಲಿ ಕೂರುತ್ತಾಳೆ, ಎಡಕ್ಕೆ ಬಲಕ್ಕೆ ಎನ್ನುತ್ತಾಳೆ. ಅದಕ್ಕೆ ದುಡ್ಡೂ ಇಲ್ಲ, ಎ.ಸಿ. ಗಾಳಿಯೂ ಬರುತ್ತದೆ.

ಮೈ ಕಾರಿನಲ್ಲಿದೆ, ಮುಖ ಮನೆಯಲ್ಲೆಲ್ಲೋ ಇದೆ, ಕನ್ನಡಕ ಕಳ್ಳನ ಹತ್ತಿರ ಇದೆ. ಅವನು ಇದನ್ನು ಓದುತ್ತಿದ್ದರೆ (ಪ್ಲಸ್ ಎರಡೂವರೆ ಇದೆಯಲ್ಲ, ಓದಲು ತೊಂದರೆಯಾಗದು) ಒಂದು ವಿನಂತಿ. ಒಂದು ರಾತ್ರಿ ಬಿಡುವು ಮಾಡಿಕೊಂಡು ನಮ್ಮ ಮನೆಗೇ ಬರಲಿ. ಅಲಾರಂ ತೆಗೆಸಿದ್ದೇನೆ. ಬಚ್ಚಿಟ್ಟದ್ದನ್ನು ಹುಡುಕುವುದರಲ್ಲಿ ನನಗಿಂತ ಅವನಿಗೆ ಅನುಭವ ಹೆಚ್ಚು. ಅಕ್ಕಿ ಡಬ್ಬದಲ್ಲಿ ಮಾತ್ರ ಹುಡುಕುವುದು ಬೇಡ, ಅಲ್ಲಿ ನೋಡಿ ಆಗಿದೆ.